ಕಣ್ಣೀರು ನೋಡಲಾಗದವರು

ನಮ್ಮ ಬೀದಿಯ ನಿವೃತ್ತ ಕಂಡಕ್ಟರರಿಗೆ ಯಾರ ಕಣ್ಣೀರನ್ನೂ ನೋಡಲಾಗದು. ಹಾಲು ಉಕ್ಕಿಹೋದ ಮನೆಗೂ ಓಡಿಬಂದು "ಏನೂ ಆಗಿಲ್ಲ ಬಿಡಮ್ಮ" ಎನ್ನುವವರು. ಹಲ್ಲು ಕೀಳುವ ಡಾಕ್ಟರಿಗೂ ಧೈರ್ಯ ಹೇಳುವವರು. ಪ್ರವಾಹ ಬಂದಾಗ ಪರಿಹಾರ ಶಿಬಿರಕ್ಕೂ ಓಡಿದರು. ಅಲ್ಲಿ ಅನ್ನ ಮುಟ್ಟದೆ ಅಳುತ್ತಿದ್ದವಳೊಬ್ಬಳು ಕಾಣೆಯಾದ ಗಂಡನ ಫೋಟೋ ತೋರಿಸಿದಾಗ, ಅವನನ್ನು ಕಂಡೇ ಇರದಿದ್ದರೂ, "ಆಚೆ ದಡದಲ್ಲಿ ಟೀ ಕುಡೀತಿದ್ದ ಕಣಮ್ಮ, ಇಲ್ಲಿಗೇ ಬರ್ತಾನೆ" ಎಂದುಬಿಟ್ಟರು. ಅವಳು ಉಂಡಳು. ಶಿಬಿರ ಮುಚ್ಚಿದ ಮೇಲೂ ಗೇಟಿನಲ್ಲೇ ಕುಳಿತಳು. ಅವಳ ಅಣ್ಣ ಬಂದು ಮನೆಗೆ ಬಾ ಎಂದು ಗೋಗರೆಯುತ್ತಿದ್ದರೂ ಕದಲಲೊಲ್ಲಳು. ನಿಜ ಹೇಳಿಬಿಡಲೆಂದೇ ಹೋದ ಕಂಡಕ್ಟರರನ್ನು ಕಂಡವಳೇ, "ಅವತ್ತು ಅವರು ಯಾವ ಅಂಗಿ ಹಾಕಿದ್ರು, ಯಜಮಾನ್ರೇ?" ಎಂದಳು. ಆ ಕಣ್ಣು ನೋಡಿ ಇವರ ಬಾಯಿಗೆ ಬಂದದ್ದು, "ನೀಲಿ." ಅವಳ ಮುಖ ಅರಳಿತು. "ನೀಲಿನೇ! ನಾನೇ ಹೊಲಿದಿದ್ದು. ನೀನು ಹೋಗಣ್ಣ, ನಾನು ಬರಲ್ಲ."