ಜವಳಿಯ ದಿನ ಪಿಸ್ತೂಲಿನ ಅಂಗಡಿಯಲ್ಲಿ

ಮದುವೆಯ ಜವಳಿ ತೆಗೆಯಲು ಹೋದವರು ಸೀರೆ ಗಂಟಿನ ಸಮೇತ ಬಂದೂಕಿನ ಅಂಗಡಿ ಹತ್ತಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನನ್ನ ಮದುವೆಯಲ್ಲಿ ಆಯಿತು. ಆಗಬೇಕಿದ್ದ ಮದುವೆಯಲ್ಲಿ ಎನ್ನಬೇಕು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜಗಳೂರಿನ ಒಂದು ಹೈಸ್ಕೂಲಿನಲ್ಲಿ ನಾನು ಚರಿತ್ರೆ, ಭೂಗೋಳ ಹೇಳಿಕೊಡುತ್ತಿದ್ದೆ.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಪ್ಪನದು ಹೊನ್ನಾಳಿಯಲ್ಲಿ ಹಿಟ್ಟಿನ ಗಿರಣಿ. ಅಪ್ಪನಿಗೆ ತನ್ನ ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ದಾವಣಗೆರೆಯ ಕಾಲೇಜಿನಲ್ಲಿ ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಪಾಠ ಮಾಡುವವರು ನಕ್ಕರೆ ನಗಬೇಕು ಎಂಬುದೊಂದು ಬಿಟ್ಟು ಆ ವರ್ಷ ಆ ಕ್ಲಾಸಿನಲ್ಲಿ ನನಗೆ ಏನೂ ತಿಳಿದಿರಲಿಲ್ಲ. ನೆಂಟರೆಲ್ಲ, ಓದಿಸಿದ್ದು ಸಾಕು, ವಾಪಸ್ ಕರ್ಕೊಂಡು ಬಾ ಎಂದರು. ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು, ಮತ್ತೆ ಕೂತರೆ ಪಾಸಾಗ್ತೀಯಾ ಅಂತ. ಆಗ್ತೀನಿ ಅಂದೆ. ಆದೆ. ಆ ಡಿಗ್ರಿಯನ್ನು ಯಾರೂ ನನಗೆ ಉಡಿ ತುಂಬಿ ಕೊಟ್ಟದ್ದಲ್ಲ. ಅದರ ಮೇಲೆ ಬಿ.ಎಡ್., ಅದರ ಮೇಲೆ ಕೆಲಸ. ಇದನ್ನು ಬರೆಯುವಾಗ ನನಗೆ ನಾಚಿಕೆಯೇನೂ ಆಗುವುದಿಲ್ಲ, ಹೆಮ್ಮೆಯೇ ಆಗುತ್ತದೆ.

ಸಂಬಂಧ ತಂದವಳು ನ್ಯಾಮತಿಯ ದೊಡ್ಡಮ್ಮ, ಅವ್ವನ ಅಕ್ಕ. ಗಂಡಿನವರು ಚನ್ನಗಿರಿಯವರು, ಅಡಿಕೆ ಖೇಣಿ ಹಿಡಿಯುವವರು. ಅಂದರೆ ಫಸಲು ಇನ್ನೂ ಮರದ ಮೇಲಿರುವಾಗಲೇ ತೋಟಕ್ಕೆ ಬೆಲೆ ಕಟ್ಟಿ, ಮುಂಗಡ ಕೊಟ್ಟು, ಕೊಯ್ಲನ್ನು ತಮ್ಮದು ಮಾಡಿಕೊಳ್ಳುವವರು. ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಉಬ್ರಾಣಿ, ನಲ್ಲೂರು, ತ್ಯಾವಣಿಗೆ ಅಂತ ತೋಟ ಸುತ್ತುತ್ತಿದ್ದ. ಅವನ ತಂದೆ ಊರಿನ ಮಂಡಿಯಲ್ಲಿ ಗಾದಿಯ ಮೇಲೆ ಕೂತು ವ್ಯಾಪಾರ ನೋಡುತ್ತಿದ್ದರು. ನೋಡಲು ಬಂದ ದಿನ ನಾನು ಒಂದೇ ಕರಾರು ಹೇಳಿದೆ, ಕೆಲಸ ಬಿಡುವುದಿಲ್ಲ ಎಂದು. ಹುಡುಗನ ತಂದೆ ಬಾಯಿ ತುಂಬ ನಕ್ಕರು.

"ಬಿಡಿಸಾಕೆ ನಾವೇನು ಹುಚ್ಚರೇನಮ್ಮ? ಸರ್ಕಾರದ ಸಂಬಳ ಯಾರಿಗೆ ಬ್ಯಾಡ? ಚನ್ನಗಿರಿಗೆ ವರ್ಗ ಮಾಡಿಸ್ಕೊಂಡ್ರಾತು."

ಆ ಮಾತಿಗೆ ನಾನು ಒಪ್ಪಿದೆ. ಹುಡುಗನೂ ನೋಡಲು ಚೆನ್ನಾಗಿದ್ದ, ಅದನ್ನೂ ಯಾಕೆ ಮುಚ್ಚಿಡಲಿ.

ಆಗ ಗಂಡಿಗೆ ಸೂಟು, ವಾಚು ಕೊಡುವುದು ರೂಢಿ. ಅನುಕೂಲಸ್ಥರು ಸ್ಕೂಟರ್ ಕೇಳುತ್ತಿದ್ದರು. ಇವರು ಪಿಸ್ತೂಲು ಕೇಳಿದರು. ಲೈಸೆನ್ಸು ತಂದೆಯ ಹೆಸರಿಗೆ ಆಗಿತ್ತು, ಅದರಲ್ಲಿ ಮಗನ ಹೆಸರನ್ನೂ ಸೇರಿಸಿದ್ದರು; ಸಾಮಾನು ಮಾತ್ರ ಹೆಣ್ಣಿನವರು ಕೊಡಿಸಬೇಕು. ಲೈಸೆನ್ಸಾದ ಮೇಲೆ ಇಂತಿಷ್ಟು ದಿನದೊಳಗೆ ಕೊಳ್ಳಬೇಕಂತೆ, ಹಾಗಾಗಿ ಮದುವೆಗೂ ಅವಸರ. ದುಡ್ಡು ಇಟ್ಟುಕೊಂಡು ಹಳ್ಳಿ ಸುತ್ತುವ ಹುಡುಗ, ದಾರಿಯಲ್ಲಿ ಯಾರಾದರೂ ಅಡ್ಡ ಹಾಕಿದರೆ ಎಂಬುದು ಹೊರಗೆ ಹೇಳುವ ಕಾರಣ. ಪಕ್ಕದ ಮಂಡಿಯವರ ಸೊಂಟದಲ್ಲಿ ಒಂದು ನೇತಾಡುತ್ತಿತ್ತು ಎಂಬುದು ಒಳಗಿನದು. ನನಗೆ ಕೇಳಿದ ಕೂಡಲೇ ಹೇಸಿಗೆಯಾಯಿತು. ದೊಡ್ಡಮ್ಮನ ಮುಂದೆ ಅಂದರೆ ಅವಳು ನನ್ನನ್ನೇ ಗದರಿದಳು. "ಸ್ಕೂಟ್ರು ಕೇಳಿದ್ರೆ ಕೊಡ್ತಿರಲಿಲ್ವೇನೇ? ಇದೂ ಒಂದು ಕಬ್ಬಿಣದ ಸಾಮಾನು."

ಜವಳಿಗೆ ಎಲ್ಲರೂ ದಾವಣಗೆರೆಯಲ್ಲಿ ಸೇರಿದೆವು. ನಮ್ಮ ಕಡೆಯಿಂದ ಅಪ್ಪ, ದೊಡ್ಡಮ್ಮ, ನಾನು. ಅವರ ಕಡೆಯಿಂದ ಹುಡುಗ, ಅವನ ತಂದೆ ತಾಯಿ. ಬೆಳಿಗ್ಗೆಯೆಲ್ಲ ಸೀರೆ ಅಂಗಡಿಯಲ್ಲಿ ಕಳೆಯಿತು. ಧಾರೆ ಸೀರೆಯನ್ನು ಹುಡುಗನ ತಾಯಿಯೇ ಆರಿಸಿದರು. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ನನ್ನ ಹೆಗಲ ಮೇಲೆ ಹಾಕಿ, ಹಿಂದೆ ಸರಿದು ನೋಡಿ, ಇದೇ ಇರಲಿ ಎಂದರು. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಸೀರೆ ನನಗೆ ಹಿಡಿಸಿತ್ತು.

ಊಟ ಮಾಡಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಬಂದೂಕಿನ ಅಂಗಡಿಗೆ ಹೋದೆವು. ಕಡಿದಾದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಗಾಜಿನ ಬೀರುಗಳು. ಹೆಂಗಸರಿಗೆ ಬೆಂಚು ತೋರಿಸಿದರು. ಅಂಗಡಿಯವನು ಹಸಿರು ಬಟ್ಟೆ ಹಾಸಿ ಎರಡನ್ನು ತಂದಿಟ್ಟ. ಎರಡೂ ಕಾಫಿ ಎಸ್ಟೇಟಿನವರು ಮಾರಿದ ಹಳೆಯ ವಿದೇಶಿ ಮಾಲು. ಒಂದು ಅಂಗೈಯಲ್ಲಿ ಅಡಗುವಂಥ ಚಪ್ಪಟೆ ಪಿಸ್ತೂಲು. ಇನ್ನೊಂದು ಮರದ ಹಿಡಿಯ, ಉದ್ದ ಮೂತಿಯ, ತೂಕದ ರಿವಾಲ್ವರ್, ಅದರ ಜೊತೆಗೆ ಚರ್ಮದ ಚೀಲ. ಸೀರೆ ಅಂಗಡಿಯವನದೇ ದನಿಯಲ್ಲಿ ಅವನು ಶುರು ಮಾಡಿದ. ಚಿಕ್ಕದು ಹಗುರ, ಬೇಗ ಕೈಗೆ ಬರುತ್ತೆ, ಆದರೆ ಮೂತಿ ಗಿಡ್ಡ, ಹತ್ತಿರದಲ್ಲಿದ್ದವರಿಗೇ ಸರಿ. ದೊಡ್ಡದು ಭಾರ, ಹೊಡೆದಾಗ ಕೈ ಅಷ್ಟು ಜಗ್ಗುವುದಿಲ್ಲ, ಗುರಿ ನಿಲ್ಲುತ್ತೆ. ಅವನು ಹೇಳುತ್ತಿದ್ದುದು ಮನುಷ್ಯನ ಮೈಗೆ ತೂತು ಬೀಳುವ ವಿಷಯ. ಕೇಳುತ್ತಿದ್ದವರ ಮುಖ ನೋಡಿದರೆ ರೇಷ್ಮೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂದು ವಿಚಾರಿಸುವವರ ಹಾಗಿತ್ತು.

ಹುಡುಗ ಚಿಕ್ಕದನ್ನು ಎತ್ತಿ ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. "ಇದೇ ಸರಿ. ಇದ್ರೆ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗದೇ ಇರಾಕೆ ಪಿಸ್ತೂಲು ಯಾಕೋ?" ಅವನ ತಂದೆ ಅಂದರು. "ನಾಕು ಜನಕ್ಕೆ ಗೊತ್ತಾಗ್ಲಿ ಅಂತಲೇ ತಗಳ್ಳೋದು."

ಅವರು ರಿವಾಲ್ವರನ್ನು ಪಂಚೆಯ ಮೇಲಿನ ಬೆಲ್ಟಿಗೆ ಸಿಕ್ಕಿಸಿಕೊಂಡು, ಬೀರುವಿನ ಗಾಜಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡರು. ನಿಂತಾಗ ಚೆನ್ನಾಗಿಯೇ ಇತ್ತು. ಆದರೆ ಮಂಡಿಯ ಯಜಮಾನರು ದಿನವಿಡೀ ನಿಲ್ಲುತ್ತಾರೆಯೇ? ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಅದನ್ನೂ ನೋಡೋಣ ಎಂದು ಅಂಗಡಿಯ ನೆಲದ ಮೇಲೆ ಕೂತೇ ಬಿಟ್ಟರು. ಮೂತಿ ತೊಡೆಗೆ ಚುಚ್ಚಿತು, ಹಿಡಿ ಹೊಟ್ಟೆಯೊಳಕ್ಕೆ ಹೋಯಿತು. ಹೊಟ್ಟೆಯೂ ಸಣ್ಣದಿರಲಿಲ್ಲ. ಹಿಂದಕ್ಕೆ ಸರಿಸಿ ಕೂತರೆ ಒರಗುವ ಹಾಗಿಲ್ಲ. ಏಳಲು ಹೋಗಿ ಚರ್ಮದ ಚೀಲ ಪಂಚೆಗೆ ಸಿಕ್ಕಿಕೊಂಡು ಗಂಟು ಸಡಿಲಾಯಿತು. ಅಂಗಡಿಯವನು ಕೈಕೊಟ್ಟು ಎಬ್ಬಿಸಿದ. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನನ್ನ ಹೆಗಲಿಗೆ ಮುಖ ಒತ್ತಿದಳು. ನನಗೆ ನಗು ಬರಲಿಲ್ಲ. ಇವರೇ ನಾಳೆ ನನ್ನ ಮಾವ, ಇವನೇ ನನ್ನ ಗಂಡ.

ತಂದೆ ಮಗನ ಜಗ್ಗಾಟ ಮುಂದುವರಿಯಿತು. ಅಪ್ಪ ಒಂದು ಮೂಲೆಯಲ್ಲಿ ನಿಂತಿದ್ದ. ಕೊಡಿಸುವವನು ಅವನೇ ಆದರೂ ಯಾವುದು ಎಂದು ಅವನನ್ನು ಕೇಳಿದವರಿಲ್ಲ. ಆಗ ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗನ ತಾಯಿ ಮಾತಾಡಿದರು. ದೊಡ್ಡದಾದರೆ ಯಜಮಾನರ ಮೈಮೇಲೆ ಇರುತ್ತೆ, ಅವರ ಪಾಡು. ಚಿಕ್ಕದಾದರೆ ಮಗ ದುಡ್ಡು ಒಯ್ಯುವ ದಿನ ಮಾತ್ರ ಒಯ್ಯುತ್ತಾನೆ, ಉಳಿದ ದಿನ ಮನೆಯಲ್ಲೇ ಇರಬೇಕಲ್ಲ, ಎಲ್ಲಿಡೋದು? ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಣ್ಣಾಳುಗಳು ಅಂಗಳದ ತುಂಬ ಇರುತ್ತಾರೆ. ನಾನಂತೂ ಅದನ್ನು ಮುಟ್ಟುವವಳಲ್ಲ, ಅದಿರೋ ಕೋಣೇಲಿ ಮಲಗುವವಳೂ ಅಲ್ಲ. ಹೀಗೆಂದು ನನ್ನ ಕಡೆ ತಿರುಗಿದರು.

"ಇವಳ ಟ್ರಂಕಿನಾಗೆ ಇಟ್ರೆ ಆತು. ಸೀರೆ ಮಡಿಕೆ ಒಳಗೆ ಯಾರು ಹುಡುಕ್ತಾರೆ?"

ಗಂಡಸರಿಬ್ಬರೂ ಹೌದಲ್ಲ ಎಂದು ತಲೆಯಾಡಿಸಿದರು.

"ಹಗಲೊತ್ತು ಇವಳು ಸ್ಕೂಲಿಗೆ ಹೋದ್ರೆ?" ಹುಡುಗ ಕೇಳಿದ. ಕೇಳಿದ್ದು ನನ್ನನ್ನಲ್ಲ, ತಾಯಿಯನ್ನು.

"ಹೋದ್ರೆ ಅದನ್ನ ಕಾಯೋರ್ಯಾರು? ಸ್ವಲ್ಪ ವರ್ಷ ಕೆಲ್ಸ ಬಿಡ್ಲಿ ಬಿಡು. ಕೆಲ್ಸ ಎಲ್ಲಿ ಓಡಿ ಹೋಗ್ತೈತೆ."

ಅಷ್ಟೇ. ನಾನು ಇಂಗ್ಲಿಷಿಗೆ ಎರಡನೇ ಸಲ ಕೂತು ತಂದುಕೊಂಡ ಕೆಲಸ ಆ ಬೆಂಚಿನ ಮೇಲೆ, ಎಲೆ ಅಡಿಕೆಯ ಬಾಯಲ್ಲಿ, ಅರ್ಧ ಮಾತಿನಲ್ಲಿ ಮುಗಿದುಹೋಯಿತು. ಯಾರೂ ಜಗಳವಾಡಲಿಲ್ಲ, ಯಾರೂ ನನ್ನನ್ನು ಬೈಯಲಿಲ್ಲ. ಅದಕ್ಕೇ ಇನ್ನಷ್ಟು ಅಸಹ್ಯವಾಯಿತು.

ನಾನು ಮಾಡಿದ್ದೇನು ಗೊತ್ತೇ? ದೊಡ್ಡದನ್ನೇ ತಗೊಳ್ಳಿ ಎಂದೆ, ಅದಾದರೆ ನನ್ನ ಟ್ರಂಕಿಗೆ ಬರುವುದಿಲ್ಲವಲ್ಲ. ಮಾವನವರ ಸೊಂಟದಲ್ಲಿದ್ದರೇ ಗೌರವ, ಕೂರುವಾಗ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡರಾಯಿತು, ದಿಂಬಿನ ಮೇಲೆ ಇಟ್ಟರೆ ಬಂದವರಿಗೆಲ್ಲ ಕಾಣುತ್ತದೆ, ಆಯುಧ ಪೂಜೆಯಲ್ಲಿ ತಕ್ಕಡಿಯ ಪಕ್ಕ ಇಟ್ಟರೂ ಒಪ್ಪುತ್ತದೆ. ಒಂದಾದ ಮೇಲೊಂದು ಕಾರಣ ಕೊಟ್ಟೆ. ಕ್ಲಾಸಿನಲ್ಲಿ ಪಾಠ ಮಾಡುವ ಹಾಗೆ ಬೆರಳು ಮಡಚಿ ಮಡಚಿ ಹೇಳಿದೆ. ಹುಡುಗನ ತಂದೆಗೆ ಖುಷಿಯೋ ಖುಷಿ.

"ನೋಡ್ರೋ, ಓದಿದ ಹೆಣ್ಣು ಅಂದ್ರೆ ಹಿಂಗಿರ್ಬೇಕು. ಬೀಗರೇ, ನಿಮ್ ಮಗಳಿಗೆ ಲೋಕಜ್ಞಾನ ಐತೆ ಕಣ್ರಿ."

ಮಗನ ಮುಖ ಊದಿಕೊಂಡಿತು. ಇದು ಹುಡುಗರಿಗೆ ಪಾಠ ಹೇಳಿದಂಗಲ್ಲ, ಸುಮ್ನಿರು ಎಂದು ನನಗೆ ಅಂದ. ಅವನು ಅವತ್ತು ನೇರವಾಗಿ ನನಗೆ ಆಡಿದ ಮೊದಲ ಮಾತು ಅದು.

ಇಷ್ಟರಲ್ಲಿ ಅವನ ತಾಯಿ ಸೀರೆಯ ಗಂಟು ಬಿಚ್ಚಿದ್ದರು. ಮೇಲಿದ್ದದ್ದು ಧಾರೆ ಸೀರೆ. ಅದರ ಮಡಿಕೆ ತೆಗೆದು, ಚಿಕ್ಕ ಪಿಸ್ತೂಲನ್ನು ಮಗನ ಕೈಯಿಂದ ಒಳಗೆ ಇಡಿಸಿ, ಮತ್ತೆ ಮಡಚಿ, ಎರಡೂ ಅಂಗೈಯಿಂದ ರೊಟ್ಟಿ ತಟ್ಟಿದ ಹಾಗೆ ಮೇಲಿಂದ ಒತ್ತಿದರು. ಮುಟ್ಟುವವಳಲ್ಲ ಎಂದವರು ಸೀರೆಯ ಮೇಲಿಂದ ಮುಟ್ಟಬಹುದು ಎಂದುಕೊಂಡಿರಬೇಕು. ಆಮೇಲೆ ಆ ಸೀರೆಯನ್ನು ನನ್ನ ತೊಡೆಯ ಮೇಲಿಟ್ಟು, ಗೊತ್ತಾಗುತ್ತೇನು ನೋಡು ಎಂದರು. ಗೊತ್ತಾಯಿತು. ತಣ್ಣಗೆ ಗಟ್ಟಿಯಾಗಿ, ಸತ್ತದ್ದೇನನ್ನೋ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹಾಗೆ.

ಹುಡುಗ ಅದನ್ನು ಹೊರಗೆ ತೆಗೆದ. ಅರಿಶಿನ ಬಣ್ಣದ ಮೇಲೆ ಅಂಗೈಯಗಲ ಕಪ್ಪು ಎಣ್ಣೆಯ ಕಲೆ.

ತುಕ್ಕು ಹಿಡೀಬಾರದು ಅಂತ ಎಣ್ಣೆ ಹಚ್ಚಿದ್ವಿ, ಮೊದಲೇ ಕೇಳಬೇಕಿತ್ತು ಎಂದ ಅಂಗಡಿಯವನು. ಹುಡುಗನ ತಾಯಿ ತಮ್ಮ ಸೆರಗಿನ ತುದಿಗೆ ಉಗುಳು ಹಚ್ಚಿ ತಿಕ್ಕಿದರು. ಕಲೆ ಇನ್ನೂ ಹರಡಿತು. ಎಲೆ ಅಡಿಕೆ ಹಾಕಿದ ಉಗುಳು, ಕಲೆಯ ಸುತ್ತ ಕೆಂಪೂ ಹತ್ತಿತು.

"ಒಳಮಡಿಕೆಗೆ ಬರ್ತೈತೆ ಬಿಡು. ಧಾರೆ ಹೊತ್ತಿಗೆ ಯಾರಿಗೆ ಕಾಣ್ತೈತೆ," ಎಂದು ಸೀರೆಯನ್ನು ಮಡಚಿಟ್ಟರು.

ಹುಡುಗನ ತಂದೆಗೆ ಸೊಂಟದ ಆಸೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ನಿಟ್ಟುಸಿರು ಬಿಟ್ಟು ಹೇಳಿದರು, "ಚಿಕ್ಕದೇ ಆಗ್ಲಿ ಅತ್ಲಾಗೆ. ಸೀರೆ ಒಳಗೂ ಕೂರ್ತಲ್ಲ."

ನಾನು ಎದ್ದು ನಿಂತೆ. ಅಪ್ಪನ ಕಡೆ ತಿರುಗಿದೆ.

"ಅಪ್ಪ, ಈ ಮದುವೆ ನಂಗೆ ಬ್ಯಾಡ."

ಹುಡುಗನ ತಂದೆ ನಕ್ಕು, ಸೀರೆಗೆ ಕಲೆ ಆತು ಅಂತ ಸಿಟ್ಟೇನಮ್ಮ, ಇನ್ನೊಂದು ತಗಳ್ಳಾನ ಎಂದರು. ಪಾಪ, ಅವರಿಗೆ ನಿಜವಾಗಿಯೂ ಅಷ್ಟೇ ತಿಳಿದಿದ್ದು.

"ಸೀರೆಗಲ್ಲ. ನಿಮ್ಮನೆ ಪಿಸ್ತೂಲು ಕಾಯಾಕೆ ನಾನು ಬಿ.ಎ. ಮಾಡಿಲ್ಲ."

"ಇಂಗ್ಲಿಷ್ನಾಗೆ ಡುಮ್ಕಿ ಹೊಡೆದ ಬಿ.ಎ. ತಾನೆ?" ಎಂದ ಹುಡುಗ. ದೊಡ್ಡಮ್ಮ ಅವರಿಗೆ ಅದನ್ನೂ ಹೇಳಿದ್ದಳು.

"ಹೌದು. ಅದೇ ಬಿ.ಎ."

ಅಪ್ಪ ಮೂಲೆಯಿಂದ ಈಚೆ ಬಂದ. ಹಸಿರು ಬಟ್ಟೆಯ ಮುಂದೆ ನಿಂತು ಎರಡನ್ನೂ ಒಮ್ಮೆ ನೋಡಿದ. ಮುಟ್ಟಲಿಲ್ಲ. ಎರಡನ್ನೂ ಒಳಗಿಡಿ ಸ್ವಾಮಿ, ನಮಗೆ ಬೇಕಾಗಿಲ್ಲ ಎಂದು ಅಂಗಡಿಯವನಿಗೆ ಹೇಳಿದ. ಬೀಗರೇ, ಜವಳಿ ಆದ ಮೇಲೆ ಮುರ್ಕಂಡ್ರೆ ಹೆಸರು ಕೆಡೋದು ನಿಮ್ಮ ಹುಡುಗೀದೇ ಎಂದು ಹುಡುಗನ ತಂದೆ ಬೆರಳು ತೋರಿಸಿದರು. ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, ಇನ್ನೂ ಬೀಗರು ಆಗಿಲ್ಲ ಕಣ್ರಿ ನಾವು ಎಂದ.

ಹೆಸರು ಕೆಟ್ಟದ್ದು ನಿಜ. ಪಿಸ್ತೂಲು ನೋಡಿ ಹೆದರಿ ಓಡಿದಳು ಎಂದು ಚನ್ನಗಿರಿಯಿಂದ ನ್ಯಾಮತಿಯವರೆಗೂ ನೆಂಟರು ನಕ್ಕರು. ಎಂಬತ್ತರ ದಶಕದಲ್ಲೂ ಮದುವೆ ಮನೆಗಳಲ್ಲಿ ನನಗೆ ಕೇಳಿಸುವ ಹಾಗೇ ಹೇಳುತ್ತಿದ್ದರು. ಹೆದರಿಕೆಯಾಗಿದ್ದರೆ ಹೆದರಿದೆ ಎಂದೇ ಬರೆಯುತ್ತಿದ್ದೆ. ಆದದ್ದು ವಾಕರಿಕೆ. ಅವರು ಕೊನೆಗೆ ಯಾವುದನ್ನು ಕೊಂಡರೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ದೊಡ್ಡಮ್ಮ ನನ್ನನ್ನೂ ಅಪ್ಪನನ್ನೂ ಬೈಯುತ್ತಲೇ ಬಂದಳು. ಇನ್ನು ನಿಮ್ಮ ಮನೆ ಹೊಸಿಲು ತುಳಿಯಲ್ಲ ಎಂದು ಹೇಳಿ ನ್ಯಾಮತಿ ಬಸ್ಸು ಹತ್ತಿ, ಕಿಟಕಿಯ ಆ ಕಡೆ ಮುಖ ತಿರುಗಿಸಿ ಕೂತಳು. ಹೊನ್ನಾಳಿಯ ಬಸ್ಸೂ ನಿಂತಿತ್ತು. ನಾನು ಅದರ ಕಡೆ ನಡೆದೆ. ಅಪ್ಪ ತಡೆದ.

"ಸೋಮವಾರ ಸ್ಕೂಲು ಐತಲ್ಲ?"

"ಐತೆ."

"ಮತ್ತೆ ಜಗಳೂರು ಬಸ್ಸೇ ಹತ್ತು. ಊರಿಗೆ ಬಂದ್ರೆ ಒಬ್ಬೊಬ್ರೂ ಬಂದು ನಿನ್ನ ಕೂರಿಸ್ಕೊಂಡು ಬುದ್ಧಿ ಹೇಳ್ತಾರೆ. ನನಗೇ ಹೇಳ್ಕಳ್ಳಿ."

ಜಗಳೂರಿನ ಬಸ್ಸಿನಲ್ಲಿ ಸೀಟು ಇರಲಿಲ್ಲ. ನಿಂತುಕೊಂಡೇ ಹೋದೆ.