ಶ್ರಾವಣದಲ್ಲಿ ಕೆಟ್ಟ ಪುಡಿ

ಕೊರೊನಾ ಮುಗಿದ ಮರುವರ್ಷದ ಶ್ರಾವಣ. ಆಗ ನಾನು ಆಳಂದದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಶೇಲ್ ಎಂಬ ಪದರುಗಲ್ಲನ್ನು ಕಾಯಿಸಿ ತೆಗೆದ ಎಣ್ಣೆಯಲ್ಲಿ ಸಾರಜನಕ ಬಹಳ. ಅದನ್ನು ತೆಗೆಯದೆ ಆ ಎಣ್ಣೆ ಒಳ್ಳೆಯ ಇಂಧನವಾಗುವುದಿಲ್ಲ. ತೆಗೆಯಲು ನೆರವಾಗುವ ಬಿಳಿ ಪುಡಿಯನ್ನು, ಅಂದರೆ ಕ್ಯಾಟಲಿಸ್ಟನ್ನು, ತಯಾರಿಸುವುದೇ ನನ್ನ ಕೆಲಸ. ಪಿಎಚ್‌ಡಿ ಅದರ ಮೇಲೇ ನಿಂತಿತ್ತು.

ಆಷಾಢದವರೆಗೆ ಪುಡಿ ಚೆನ್ನಾಗಿ ಕೆಲಸ ಮಾಡಿತು. ಶ್ರಾವಣ ಹಿಡಿದದ್ದೇ ತಡ, ಎಣ್ಣೆಯಲ್ಲಿ ಸಾರಜನಕ ಹಾಗೇ ಉಳಿಯತೊಡಗಿತು. ನಾನು ಮೊದಲೇ ಸಂಶಯದ ಮನುಷ್ಯ. ಯಾರೋ ಏನೋ ಬೆರೆಸುತ್ತಿದ್ದಾರೆ ಎಂದು ತಲೆಯಲ್ಲಿ ಹೊಕ್ಕಿತು. ಲ್ಯಾಬಿನ ಇನ್ನೊಂದು ಕೀಲಿ ಇದ್ದದ್ದು ನನ್ನ ಕಿರಿಯ ಸಹೋದ್ಯೋಗಿ, ಜೇವರ್ಗಿಯ ರೇಣುಕಾಳ ಹತ್ತಿರ. ಪುಡಿಯ ಬಾಟಲಿಗೆ ಪೆನ್ನಿನಿಂದ ಮಟ್ಟದ ಗೆರೆ ಎಳೆದಿಟ್ಟೆ, ಮುಚ್ಚಳಕ್ಕೆ ಟೇಪ್ ಸುತ್ತಿದೆ. ಎರಡೂ ಇದ್ದ ಹಾಗೇ ಇರುತ್ತಿದ್ದವು. ಆದರೂ, ಭಾರಿ ಚಾಲಾಕಿ ಹುಡುಗಿ ಎಂದುಕೊಂಡೆ!

ಕೊನೆಗೆ ಗೈಡ್ ಸರ್ ಎದುರೇ, ಪುಡಿಗೆ ಏನು ಬೆರೆಸುತ್ತೀ ಎಂದು ಆಕೆಯನ್ನು ಕೇಳಿಬಿಟ್ಟೆ.

"ಅಣ್ಣಾರ, ದೇವರಾಣಿ ನಾ ಮುಟ್ಟಿಲ್ಲರಿ," ಎಂದಳು.

ಸರ್ ಆಕೆಯ ಕೀಲಿ ಇಸಿದುಕೊಂಡರು. ಮೊದಲ ಬಸ್ಸಿಗೇ ಬರುತ್ತಿದ್ದ ಹುಡುಗಿ ಮರುದಿನದಿಂದ ನಾನು ಬರುವವರೆಗೆ ಬಾಗಿಲ ಹೊರಗೆ ನಿಲ್ಲಬೇಕಾಯಿತು. ನನಗೆ ಸಮಾಧಾನವೇ ಆಯಿತು.

ಪುಡಿ ಮಾತ್ರ ಕೆಡುವುದು ನಿಲ್ಲಲಿಲ್ಲ. ಪರೀಕ್ಷೆಗೆ ಕಳಿಸಿದಾಗ ಅದರಲ್ಲಿ ಸುಣ್ಣದ ಅಂಶವಿದೆ ಎಂದು ವರದಿ ಬಂತು; ಸುಣ್ಣ ಬೆರೆತರೆ ಈ ಪುಡಿ ಕೆಲಸ ಮಾಡುವುದಿಲ್ಲ. ಅಂದು ನಾನು ಬಗ್ಗಿ ಪುಡಿ ಅರೆಯುತ್ತಿದ್ದಾಗ ರೇಣುಕಾ ದೂರದಲ್ಲೇ ನಿಂತು, "ಸಿಟ್ಟಾಗಬ್ಯಾಡ್ರಿ ಅಣ್ಣಾರ, ನಿಮ್ಮ ಹಣಿಮ್ಯಾಗಿನ ಇಬತ್ತಿ ಉದುರಾಕತ್ತೇತಿ," ಎಂದಳು.

ಶ್ರಾವಣದಲ್ಲಿ ನಮ್ಮ ಮನೆಯ ಗಂಡಸರು ಹಣೆ ತುಂಬ ವಿಭೂತಿ ಹಚ್ಚದೆ ಹೊರಬೀಳುವುದಿಲ್ಲ. ನಾನು ಹಚ್ಚುತ್ತಿದ್ದ ಅಂಗಡಿಯ ವಿಭೂತಿಯಲ್ಲಿ ಸುಣ್ಣದಂಶವೇ ಹೆಚ್ಚು. ಬಿಳಿ ಪುಡಿಯಲ್ಲಿ ಬಿಳಿ ಪುಡಿ ಬಿದ್ದರೆ ಕಾಣುವುದಾದರೂ ಹೇಗೆ? ಮುಖ ತೊಳೆದು ಬಂದು ಹೊಸದಾಗಿ ಮಾಡಿದ ಪುಡಿ ಮೊದಲಿನಂತೆ ಕೆಲಸ ಮಾಡಿತು.

"ಇದನ್ನ ಮೊದಲೇ ನೋಡಿದ್ದೇನು?" ಎಂದು ಕೇಳಿದೆ.

"ಹೋದ ವಾರಾನ ನೋಡಿದ್ನಿರಿ."

"ಮತ್ತ ಆಗಲೇ ಹೇಳಬಾರದಿತ್ತೇನು?"

"ಕೀಲಿ ಕಸಗೊಂಡ ಮ್ಯಾಲ ನನ್ನ ಮಾತು ಯಾರ್ ನಂಬ್ತಿದ್ರಿ? ಇವತ್ತ ಸುಣ್ಣ ಅಂತ ಕಾಗದ ಬಂತು, ಅದಕ್ಕ ಹೇಳೀನಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸರ್ ಎದುರೇ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ," ಎಂದು ನಕ್ಕಳು. ಆಕೆಯ ಕೀಲಿಯೂ ಆಕೆಗೆ ಸಿಕ್ಕಿತು. ನನ್ನ ಪಿಎಚ್‌ಡಿಯೂ ಮುಗಿಯಿತು. ಈಗಲೂ ನಾವಿಬ್ಬರೂ ಅದೇ ಲ್ಯಾಬಿನಲ್ಲಿದ್ದೇವೆ, ಚಹಾ ಕೂಡಿಯೇ ಕುಡಿಯುತ್ತೇವೆ. ಆದರೆ ಇವತ್ತಿಗೂ ನನ್ನ ಮೇಜಿನ ಹತ್ತಿರ ಬರುವಾಗ ರೇಣುಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬರುತ್ತಾಳೆ.