ಪ್ರಳಯವೆಂದರೆ ಬರೀ ನೆರೆ

ಅತ್ತಿಗೆ, ನಿಮ್ಮ ಓದನ್ನು ಕೊಂದವಳು ನಾನು. ಬಸುರಿಯ ಹೆದರಿಕೆ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ — ಅಲ್ಲ. ನನ್ನ ಹೊಟ್ಟೆಕಿಚ್ಚು.

ನೀವು ಕೋಟೆ ಕಡೆಯಿಂದ ಗಡಿ ದಾಟಿ, ಮಲಯಾಳಂ ನಾಡಿನ ಈ ಪುಲ್ಪಳ್ಳಿಗೆ ಮದುವೆಯಾಗಿ ಬರುವ ತನಕ ಈ ಮನೆಯಲ್ಲಿ ಓದುವವಳೆಂದರೆ ನಾನೊಬ್ಬಳೇ. ಮೆಣಸು ಬಿಡಿಸುತ್ತ ಕೂತ ಅಮ್ಮನಿಗೆ ಮಲಯಾಳಂ ಕಥೆಗಳನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಅಮ್ಮ ತೂಕಡಿಸುತ್ತಿದ್ದರು. ನೀವು ಬಂದಿರಿ, ಪೆಟ್ಟಿಗೆಯಲ್ಲಿ ಸೀರೆಗಿಂತ ಪುಸ್ತಕವೇ ಹೆಚ್ಚು — ಅದೂ ಎಂಥವು! ನದಿ ಸತ್ತ ಊರು, ಜೇನುಹುಳುವಿಲ್ಲದ ಲೋಕ, ಗುಟುಕು ನೀರಿಗೆ ಕೊಲೆ ಮಾಡುವ ಜನ. ಮದುಮಗಳಿಗೆ ಇದೆಂಥ ರುಚಿಯಪ್ಪಾ ಎಂದು ನಕ್ಕೆ. ಆದರೆ ನೀವು ಓದತೊಡಗಿದರೆ ಅಮ್ಮನ ಕೈಯಲ್ಲಿದ್ದ ಮೆಣಸು ಕೈಯಲ್ಲೇ ಉಳಿಯುತ್ತಿತ್ತು. ಅಣ್ಣನೂ ಅಂಗಡಿಯಿಂದ ಬೇಗ ಬರತೊಡಗಿದ. ನನಗೆ ಮೈಯೆಲ್ಲ ಉರಿ. ನನ್ನ ಹೆತ್ತ ತಾಯಿ — ನಾನು ಓದುವಾಗ ಒಂದು ದಿನವೂ ಹಾಗೆ ಬಾಯಿ ಬಿಟ್ಟುಕೊಂಡು ಕೂತವರಲ್ಲ.

ಆ ಮಳೆಗಾಲ ನಿಮಗೆ ಏಳು ತಿಂಗಳು. ಇಲ್ಲಿನ ಬೆಟ್ಟಗಳ ಗತಿಯೇನೆಂದು ಯಾರೋ ಬರೆದ ಮಲಯಾಳಂ ಪುಸ್ತಕವನ್ನು ಊರಿನ ವಾಯನಶಾಲೆ ಲೈಬ್ರರಿಯಿಂದ ತರಿಸಿ, ನಿಮಗೆ ಆ ಲಿಪಿ ಬಾರದೆ, ಕನ್ನಡದಲ್ಲಿ ಹೇಳು ಎಂದು ನನ್ನ ಕೈಗೆ ಕೊಟ್ಟಿರಿ. ಕಲ್ಲುಕ್ವಾರಿ, ಕಡಿದ ಕಾಡು — ಎಲ್ಲ ಸರಿಯಾಗಿಯೇ ಹೇಳಿದೆ. ಒಂದು ಕಡೆ, ಇನ್ನೂ ಪ್ರಳಯ ಬರುತ್ತದೆ ಎಂದಿತ್ತು. ಮಲಯಾಳಂನಲ್ಲಿ ಪ್ರಳಯವೆಂದರೆ ನೆರೆ; ಹೊಳೆ ಉಕ್ಕಿ ಗದ್ದೆ ಮುಳುಗಿದರೂ ಪೇಪರಿನಲ್ಲಿ ಅದೇ ಮಾತು. ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ನೆರೆ ಅಂದಿದ್ದರೆ ಆಗುತ್ತಿತ್ತು — ಅನ್ನಲಿಲ್ಲ.

"ಪ್ರಳಯವಾ? ಹಂಗಂತ ಬರ್ದವ್ರಾ, ವಿಮಲಾ?" ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಿರಿ.

"ಹೂಂ. ಈ ಮಗು ದೊಡ್ಡದಾಗೋದ್ರೊಳಗೇ ಅಂತೆ."

ಮಗುವಿನ ಮಾತು ಪುಸ್ತಕದಲ್ಲಿ ಇರಲೇ ಇಲ್ಲ. ಅದು ನನ್ನದು.

ನೀವು ಅನ್ನ ಬಿಟ್ಟಿರಿ. ಮಳೆ ಜೋರಾದಾಗಲೆಲ್ಲ ಎದ್ದು ಕೂರುತ್ತಿದ್ದಿರಿ. ಅಮ್ಮ ಹೆದರಿ ನಿಮ್ಮ ಪುಸ್ತಕಗಳನ್ನೆಲ್ಲ ಗೋಣಿಗೆ ತುಂಬಿಸಿದರು. ಗೋಣಿಯ ಬಾಯಿ ಹೊಲಿದವಳು ನಾನೇ. ಆ ಸಂಜೆ, ನೀನೇ ಏನಾದರೂ ಓದೇ ಎಂದು ಅಮ್ಮ ನನ್ನನ್ನು ಕರೆದರು. ಖುಷಿಯಾಯಿತು ಅತ್ತಿಗೆ — ನಾಚಿಕೆಗೆಟ್ಟ ಖುಷಿ.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ ಬೆಳೆದಳು. ನೀವು ಮಾತ್ರ ಮತ್ತೆ ಪುಸ್ತಕ ಮುಟ್ಟಲಿಲ್ಲ. ಮೊನ್ನೆ, ಮಲಯಾಳಂ ಶಾಲೆಗೆ ಹೋಗುವ ಅವಳು ಕಾಡ್ಗಿಚ್ಚಿನ ಕನ್ನಡ ಕಾದಂಬರಿಯೊಂದನ್ನು ತಂದು, ಓದಿ ಹೇಳೆಂದು ನಿಮಗೇ ಗಂಟುಬಿದ್ದಳು.

"ನಂಗೆ ಧೈರ್ಯ ಸಾಲ್ದು ಕಣವ್ವ. ನಿಮ್ಮತ್ತೆ ಹತ್ರ ಓದಿಸ್ಕೊ. ಅವ್ಳು ಇದ್ದದ್ದನ್ನ ಇದ್ದಂಗೇ ಹೇಳ್ತಾಳೆ."

ಆ ಮಾತು ಕೇಳಿಯೂ ನಿಜ ಹೇಳದೆ — ನಾನು ಓದಿದೆ. ನೀವು ಕೇಳಲಾರದೆ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಿರಿ.